ಮಾಡ್ಲೊಮೊಳ ಟೀ ಸೆಟ್ಟು ಮತ್ತು ಹದಿನಾಲ್ಕನೇ ಪ್ರಶ್ನೆ

ಜೂನ್ 4, ಮಂಗಳವಾರ. ಸಂಜೆ

…ಇಲ್ಲ, ನಿನ್ನೆ ಬರೆದದ್ದು ತಪ್ಪು. ಮೊದಲ ಮನೆಯಲ್ಲಿ ಕೊಟ್ಟದ್ದು ಕೋಳಿಯ ರೆಕ್ಕೆ. ಕತ್ತು ಎರಡನೇ ಮನೆಯದು. ತಿದ್ದಿದ್ದೇನೆ. ಮೂವತ್ತೊಂದು ವರ್ಷ ಸ್ಟೇಶನ್ನಿನ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತನಾಗಿದ್ದವನು ನಾನು. ದಾಖಲೆ ತಪ್ಪಾದರೆ ನಿದ್ದೆ ಬರುವುದಿಲ್ಲ.

ಇವತ್ತು ಮೂರು ಮನೆ. ತೊಡೆ, ಈಲಿ, ಆಮೇಲೆ ಇನ್ನೊಂದು ತೊಡೆ. ಬೇಡ ಅಂದರೆ ಕೇಳುವವರು ಯಾರು? "ಕೂತ್ಕೊಳ್ಳಿ ಜೊಲಾ, ನಮ್ಮನೆಗೆ ಬಂದು ಒಣಬಾಯಲ್ಲಿ ಹೋಗ್ತೀರಾ?" ಕುಲದ ಹೆಸರು ಹಿಡಿದು ಕರೆದ ಮೇಲೆ ಎದ್ದು ಬರುವುದು ಹೇಗೆ.

ಕೆಲಸವೇನೋ ಚಿಕ್ಕದು. ಮನೆಮನೆಗೆ ಹೋಗಿ ಫಾರಮ್ಮು ತುಂಬುವುದು. ಕರೂ ಎಂಬ ನಮ್ಮ ಒಣಸೀಮೆಯ ಮಕ್ಕಳ ನಿಧಿಯವರು ನನ್ನನ್ನೇ ಹಿಡಿದರು. ಕಾರಣ ಅವರ ಕಡೆಯ ಮಿಸ್ ಅರೆಂಡ್ಸೆ ಹೇಳಿದ್ದು — ಈ ಊರಿನ ಕರಿಯರು, ಬಿಳಿಯರು, ಮಿಶ್ರಜಾತಿಯವರು, ಮೂರೂ ಕಡೆಯವರ ಪಾರ್ಸಲ್ಲು ನಿಮ್ಮ ಕೈ ದಾಟಿಯೇ ಹೋಗಿದೆ, ಮೂವರ ಭಾಷೆಯೂ ನಿಮಗೆ ಬರುತ್ತದೆ. ಇಂಗ್ಲಿಷೂ ಬರುತ್ತದೆ ಎಂದೆ. ಒಂದೂವರೆ ವರ್ಷ ಕಾಲೇಜು. ನಾಟ್‌ವಿತ್‌ಸ್ಟ್ಯಾಂಡಿಂಗ್ ಎಂಬ ಪದ ಈಗಲೂ ನೆನಪಿದೆ. ಎಲ್ಲಿ ಹಾಕುವುದು ಎಂಬುದು ಮಾತ್ರ ಮರೆತಿದೆ.

ಆ ಹುಡುಗಿ ಒಳ್ಳೆಯವಳು. ಸಮುದ್ರದ ಕಡೆಯವಳು. ನಮ್ಮ ಜೂನ್ ತಿಂಗಳ ಚಳಿಗಾಲಕ್ಕೆ ಎರಡು ಟೊಪ್ಪಿ ಹಾಕುತ್ತಾಳೆ. ಇಪ್ಪತ್ತು ವರ್ಷ ನಿಧಿಯ ಗಂಜಿ ಬೇಯುತ್ತಿದ್ದುದು ಪೇಟೆಯ ದೊಡ್ಡ ಚರ್ಚಿನ ಹಾಲ್‌ನಲ್ಲಿ, ಬಿಳಿಯರ ಬೀದಿಯಲ್ಲಿ. ಯಾಕೆಂದರೆ ದೊಡ್ಡ ಒಲೆ ಅಲ್ಲಿತ್ತು. "ಒಲೆ ಒಂದ್ಕಡೆ, ಹಸಿವು ಇನ್ನೊಂದ್ಕಡೆ ಆಗೋಯ್ತು ಜೊಲಾ ಅವರೇ. ಇದನ್ನ ಸರಿಮಾಡ್ಬೇಕು. ಈಕ್ವಾಲಿಟಿ ಅಲ್ಲ, ಈಕ್ವಿಟಿ." ಎರಡಕ್ಕೂ ಏನು ವ್ಯತ್ಯಾಸ ತಾಯಿ ಎಂದೆ. "ಎಲ್ರಿಗೂ ಒಂದೇ ನಂಬರಿನ ಬೂಟು ಕೊಡೋದು ಮೊದಲನೇದು. ಕಾಲು ನೋಡಿ ಕೊಡೋದು ಎರಡನೇದು." ಅರ್ಥವಾಯಿತು. ಈಗ ಊರಿನ ಕಾಲು ಅಳೆಯುವವನು ನಾನು.

ಮನೆಯಲ್ಲಿರುವ ಒಂದೊಂದಕ್ಕೂ ಅಂಕ. ಅಂಕ ಜಾಸ್ತಿಯಾದರೆ ಬಡವರಲ್ಲ. ನಮ್ಮ ಮಸಿಖಾನೆ ಬಡಾವಣೆಯಲ್ಲಿ ಮಾರಾಡೆಬೆ ತನ್ನ ಗ್ಯಾರೇಜಿನಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ ಬೆಳಿಗ್ಗೆ ಗಂಜಿ ಹಾಕುತ್ತಾಳೆ, ಅರವತ್ತು ಬಟ್ಟಲು. ಗ್ಯಾಸೂ ಹಿಟ್ಟೂ ನಿಧಿಯದು, ಈ ತಿಂಗಳ ಕೊನೆಯವರೆಗೆ. ಮುಂದಕ್ಕೆ ಉಂಟೋ ಇಲ್ಲವೋ, ನನ್ನ ಫಾರಮ್ಮು ಹೇಳಬೇಕು.

ಅದಕ್ಕೇ ನಾನು ಕಂಡದ್ದನ್ನಷ್ಟೇ ಬರೆಯುತ್ತೇನೆ. ಗೂಡ್ಸ್ ಗುಮಾಸ್ತ ಪೆಟ್ಟಿಗೆಯ ಮೇಲಿನ ಚೀಟಿ ಓದಬೇಕು. ಒಳಗೇನಿದೆ ಎಂದು ಊಹಿಸಬಾರದು.

ಜೂನ್ 6, ಗುರುವಾರ

ಒಂದು ವಿಚಿತ್ರ.

ನೊಝುಕೊ ಮನೆ. ಗಂಡ ಗಣಿಗೆ ಹೋದವನು, ಸುದ್ದಿಯಿಲ್ಲ. ಒಂದೇ ಕೋಣೆ, ಮೂರು ಮಕ್ಕಳು. ನನ್ನನ್ನು ಕಂಡದ್ದೇ ಮಕ್ಕಳನ್ನು ಹೊರಗೆ ಅಟ್ಟಿದಳು. ಟ್ರೇ ಬಂತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಟ್ರೇಗೆ ಕ್ರೋಶಾ ಬಟ್ಟೆ! ಬಟ್ಟೆಯ ಮೇಲೆ ಟೀ ಕಪ್ಪು. ನೀಲಿ ಹೂವು, ಚಿನ್ನದ ಅಂಚು, ಹಿಡಿಗೆ ತಾಮ್ರದ ತಂತಿ ಸುತ್ತಿದೆ.

ಆ ತಂತಿ ಸುತ್ತಿದವನು ನಾನು.

ಹಿಡಿ ಮುರಿದವನೂ ನಾನೇ. ನಮ್ಮೂರಿಗೆ ರೈಲು ಬರುವುದು ನಿಂತ ವರ್ಷ ಸಿಟ್ಟಿಗೆ ಮೇಜು ಗುದ್ದಿದ್ದೆ. ಹೆಂಡತಿ ಮಾಡ್ಲೊಮೊ ಒಂದು ವಾರ ನನ್ನೊಡನೆ ಮಾತಾಡಲಿಲ್ಲ. ಅವಳ ಟೀ ಸೆಟ್ಟು ಅದು. ಶೆಡ್ಡಿನಲ್ಲಿ ಹನ್ನೊಂದು ವರ್ಷ ಯಾರೂ ಕೇಳದೆ ಬಿದ್ದಿದ್ದ ಪೆಟ್ಟಿಗೆ, ಮೇಲಿನವರ ರುಜು ಹಾಕಿಸಿ ತಂದುಕೊಟ್ಟದ್ದು. ಮೂರು ವರ್ಷದ ಹಿಂದೆ ಅವಳ ಮಣ್ಣಿಗೆ ಬಂದವರಿಗೆಲ್ಲ ಅದರಲ್ಲೇ ಟೀ. ಆಮೇಲೆ ವಾಪಸು ಬರಲಿಲ್ಲ. ಹೆಂಡತಿಯನ್ನು ಮಣ್ಣು ಮಾಡಿದವನು ಮರುದಿನ ಮನೆಮನೆಗೆ ಹೋಗಿ ನನ್ನ ಕಪ್ಪು ಎಲ್ಲಿ, ಸಾಸರು ಎಲ್ಲಿ ಎಂದು ಕೇಳುವುದೆ? ಬಿಟ್ಟೆ.

"ಸಕ್ಕರೆ ಕಡಿಮೆ ಆಯ್ತಾ ಜೊಲಾ?"

"ಇಲ್ಲಮ್ಮ. ಸರಿಯಾಗಿದೆ."

ಪ್ರಶ್ನೆ ಹದಿನಾಲ್ಕು: ಅತಿಥಿಗಳಿಗೆಂದೇ ಇರಿಸಿದ ಪಿಂಗಾಣಿ ಇದೆಯೇ? ಇದೆ. ಎರಡು ಅಂಕ. ಹದಿನೈದು: ಇಂದು ಮಾಂಸ? ಇದೆ. (ಬೆನ್ನುಮೂಳೆ. ತಿಂದೆ.) ಹದಿನಾರು: ಮಗುವನ್ನೇ ಕೇಳಿ, ಎಂದಿದೆ. ಬೇಲಿಯ ಹತ್ತಿರ ನಿಂತಿದ್ದ ಆರು ವರ್ಷದ ಹುಡುಗಿಯನ್ನು ಕರೆದೆ.

"ನಿನ್ನೆ ರಾತ್ರಿ ಹಸ್ಕೊಂಡು ಮಲಗಿದ್ಯಾ ಪುಟ್ಟೀ?"

ಅವಳು ಅಮ್ಮನನ್ನು ನೋಡಿದಳು. ಅಮ್ಮ ಸೂರು ನೋಡಿದಳು.

"ಇಲ್ಲ ಅಜ್ಜ. ಹೊಟ್ಟೆ ತುಂಬಿತ್ತು."

"ಏನು ತಿಂದೆ?"

"ಕೋಳಿ."

"ಯಾವ ಭಾಗ?"

ಬಹಳ ಹೊತ್ತು ಯೋಚಿಸಿದಳು. "ಎಲ್ಲಾ."

ಅಲ್ಲಿಂದ ನಾಲ್ಕು ಮನೆ ಆಚೆ, ನನ್ನ ಪಕ್ಕದ್ದೇ, ಮುದುಕ ಫಿಕಿಲೆಯ ಮನೆ. ಮೊಮ್ಮಕ್ಕಳು ಐವರು. ಟ್ರೇ ಬಂತು. ನೀಲಿ ಹೂವು. ತಾಮ್ರದ ತಂತಿ. ಟೀ ಹಾಕುವ ಮೊದಲೇ ಕಪ್ಪು ಬೆಚ್ಚಗಿತ್ತು.

ಕಿಟಕಿಯಿಂದ ನೋಡಿದೆ. ಹಿತ್ತಿಲ ಬೇಲಿಯಾಚೆ ಒಬ್ಬಳು ತಲೆಯ ಮೇಲೆ ಖಾಲಿ ಬೇಸಿನ್ನು ಹೊತ್ತು ಏದುಸಿರು ಬಿಡುತ್ತ ನಿಂತಿದ್ದಾಳೆ.

ಬರೆದೆ: ಇದೆ. ಎರಡು ಅಂಕ. ಕಂಡದ್ದು ಕಂಡದ್ದೇ.

ಜೂನ್ 7, ಶುಕ್ರವಾರ

ಹೊಟ್ಟೆ. ಬರೆಯಲಾರೆ.

ಜೂನ್ 11, ಮಂಗಳವಾರ

ಹಳಿಯ ಆಚೆ ರೈಲ್ವೆ ಮನೆಗಳ ಸಾಲು. ಒಂದು ಕಾಲದಲ್ಲಿ ನಾನು ಅಲ್ಲಿಗೆ ಹಿಂಬಾಗಿಲಿನಿಂದ ಪಾರ್ಸಲ್ಲು ಕೊಡುತ್ತಿದ್ದೆ. ಇವತ್ತು ಮುಂಬಾಗಿಲು ತಟ್ಟಿದೆ.  

ಹೆಟ್ಟಿ ಸ್ಟ್ರೈಡಮ್. ಗಾರ್ಡ್ ಸ್ಟ್ರೈಡಮ್ಮನ ವಿಧವೆ. ಬಿಳಿಯರೆಂದರೆ ಬಿಳಿಯರೇ, ಆದರೆ ಗೋಡೆಯ ಸುಣ್ಣ ಮಾತ್ರ ಬಿಳಿಯಾಗಿ ಉಳಿದಿಲ್ಲ. ಮಗಳು ಎರಡು ಮೊಮ್ಮಕ್ಕಳನ್ನು ಬಿಟ್ಟು ಎಲ್ಲಿಗೋ ಹೋಗಿದ್ದಾಳೆ. ಒಳಗೆ ಕಾಲಿಟ್ಟರೆ ಹುರಿದ ಈರುಳ್ಳಿಯ ಘಮ. ಒಲೆಯ ಮೇಲೆ ದೊಡ್ಡ ಪಾತ್ರೆ, ಮುಚ್ಚಳ ಕುಣಿಯುತ್ತಿದೆ.

"ಸ್ಟ್ಯೂ ಮಾಡ್ತಿದೀನಿ," ಎಂದಳು. "ಕುರಿದು. ಟೈಮಾಗುತ್ತೆ. ಇಲ್ದಿದ್ರೆ ಊಟ ಮಾಡಿ ಹೋಗಿ ಅಂತಿದ್ದೆ."

ನೀರು ತರಲು ಹಿತ್ತಿಲಿಗೆ ಹೋದಳು. ನಾನು ಮುಚ್ಚಳ ಎತ್ತಬಾರದಿತ್ತು. ಎತ್ತಿದೆ. ಬಿಸಿನೀರು, ಒಂದು ಈರುಳ್ಳಿ.

ಮುಚ್ಚಿದೆ. ಕೂತೆ. ಟೀ ಬಂತು.

ನೀಲಿ ಹೂವು. ತಂತಿ.

ಹಳಿ ದಾಟಿ ಬಂದಿದೆ! ಕಣ್ಣಗಲಿಸಿ ಅವಳನ್ನು ನೋಡಿದೆ. ಅವಳು ಕೆಂಪಾದಳು. ಆಮೇಲೆ ದನಿ ತಗ್ಗಿಸಿ: "ನನ್ನ ಮೊಮ್ಮಕ್ಕಳು ಬೆಳಿಗ್ಗೆ ಹಳಿ ಮೇಲಿನ ಸೇತುವೆ ದಾಟಿ ಆ ಗ್ಯಾರೇಜಿಗೆ ಹೋಗ್ತಾವೆ. ಟೊಪ್ಪಿ ಮೂಗಿನವರೆಗೂ ಎಳ್ಕೊಂಡು. ಅದನ್ನ ಬರೀಬೇಡಿ ಮಿಸ್ಟರ್. ನಮ್ಮ ಚರ್ಚಿನ ಪಾದ್ರಿಗೆ ಗೊತ್ತಾದ್ರೆ…"

"ಬರೆಯಲ್ಲ ಮೇಡಂ."

ಪಿಂಗಾಣಿ: ಇದೆ. ಮಾಂಸ: ಪ್ರಶ್ನೆ ಹದಿನೈದರ ಮುಂದೆ ಪೆನ್ನು ನಿಂತಿತು. ಒಳಗೇನಿದೆ ಎಂದು ನೋಡಿಬಿಟ್ಟೆನಲ್ಲ. ಅವಳು ನನ್ನ ಪೆನ್ನನ್ನೇ ನೋಡುತ್ತಿದ್ದಳು.

ಇದೆ, ಎಂದು ಬರೆದೆ. ಜೀವನದಲ್ಲಿ ಮೊದಲ ಸುಳ್ಳು ದಾಖಲೆ.

ಜೂನ್ 18, ಮಂಗಳವಾರ

ವಾರದಿಂದ ಬರೆದಿಲ್ಲ. ಫಾರಮ್ಮು ಕೊಟ್ಟು ನಿರುಮ್ಮಳವಾಗಿದ್ದೆ. ಇವತ್ತು ಮಿಸ್ ಅರೆಂಡ್ಸೆ ಬಂದಳು. ಎರಡು ಟೊಪ್ಪಿಯ ಕೆಳಗೆ ಮುಖ ಗೊಂದಲದಲ್ಲಿತ್ತು.

"ಜೊಲಾ ಅವರೇ, ಅಭಿನಂದನೆ ಹೇಳ್ಬೇಕೋ ಏನೋ ಗೊತ್ತಾಗ್ತಿಲ್ಲ. ನಿಮ್ಮ ಲೆಕ್ಕದ ಪ್ರಕಾರ ಈ ಊರಲ್ಲಿ ಹಸಿದ ಮಕ್ಕಳೇ ಇಲ್ಲ."

"ಇಲ್ವಾ?"

"ಪ್ರತಿ ಮನೇಲೂ ಮಾಂಸ. ಪ್ರತಿ ಮನೇಲೂ ಪಿಂಗಾಣಿ. ಪೇಟೆಯ ವಕೀಲರ ಮನೆಗಿಂತ ಫಿಕಿಲೆ ಅಜ್ಜನ ಮನೆಗೆ ಎರಡು ಅಂಕ ಜಾಸ್ತಿ ಬಂದಿದೆ."

ನಾನು ಛಾವಣಿ ನೋಡಿದೆ.

"ಲೆಕ್ಕ ಹೀಗಿದ್ರೆ ಗ್ಯಾರೇಜಿನ ಅಡುಗೆಮನೆ ಮೂವತ್ತಕ್ಕೆ ಬಂದ್. ಹಿಟ್ಟು ಬೇರೆ ಊರಿಗೆ ಹೋಗುತ್ತೆ. ನಿಮಗೆ ಏನಾದ್ರೂ ಹೇಳೋದಿದ್ರೆ ಶುಕ್ರವಾರದೊಳಗೆ… ಇಲ್ಲ, ಸೋಮವಾರದವರೆಗೂ ಕಾಯ್ತೀನಿ."

ಹೇಳುವುದು ಏನನ್ನು? ಒಂದು ಟೀ ಸೆಟ್ಟು ನಲವತ್ತು ಮನೆ ಸುತ್ತಿದೆ ಎಂದರೆ ನಲವತ್ತು ಮನೆಯ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಅರವತ್ತು ಬಟ್ಟಲು ಹೋಗುತ್ತದೆ. ನಾಟ್‌ವಿತ್‌ಸ್ಟ್ಯಾಂಡಿಂಗ್!

ಜೂನ್ 19, ಬುಧವಾರ

ಮಾರಾಡೆಬೆಯ ಗ್ಯಾರೇಜು. ದೊಡ್ಡ ಪಾತ್ರೆ ಉಜ್ಜುತ್ತಿದ್ದಳು. ತಲೆ ಪೂರ್ತಿ ಪಾತ್ರೆಯ ಒಳಗೆ. ಚಂದಾ ಕೂಡಿಸಿ ಮಣ್ಣು ಮಾಡುವ ಸಂಘಕ್ಕೂ ಅವಳೇ ಕಾರ್ಯದರ್ಶಿ. ಆದ್ದರಿಂದ ಊರಲ್ಲಿ ಅವಳಿಗೆ ಹೆದರದವರು ಸತ್ತವರು ಮಾತ್ರ.

"ಟೀ ಸೆಟ್ಟು ಯಾರು ಸುತ್ತಿಸ್ತಿರೋದು?"

"ನಾನು," ಎಂದಿತು ಪಾತ್ರೆ.

"ಅದು ನಂದು."

ತಲೆ ಹೊರಗೆ ಬಂತು. "ಗೊತ್ತು. ಮೂರು ವರ್ಷ ನೀವು ಕೇಳ್ಲಿಲ್ಲ, ನಾವು ಕೊಡ್ಲಿಲ್ಲ. ಸಾವಿಗೆ, ಮದುವೆಗೆ, ಪಾದ್ರಿ ಬಂದ್ರೆ, ಈ ಊರು ಕುಡಿಯೋದೇ ಅದರಲ್ಲಿ. ಹಳಿ ಆಚೆ ಮುದುಕೀನೂ ಕೇಳಿ ಕಳಿಸಿದ್ಳು, ಕೊಟ್ಟೆ."

"ಅದಕ್ಕೆ ನನಗೇ ನನ್ನ ಕಪ್ಪಲ್ಲಿ—"

"ಇನ್ನೇನು ಮಾಡ್ಬೇಕಿತ್ತು? ಆಸ್ಪತ್ರೇಲಿ ಮಾಡ್ಲೊಮೊ ನನ್ನ ಕೈ ಹಿಡ್ಕೊಂಡು ಏನಂದ್ಳು ಗೊತ್ತಾ? ಸ್ವರ್ಗ ಅಂದ್ಳು ಅನ್ಕೊಂಡ್ರಾ? ಪ್ರಾರ್ಥನೆ ಮಾಡು ಅಂದ್ಳು ಅನ್ಕೊಂಡ್ರಾ? 'ಅವನಿಗೆ ಎನಾಮಲ್ ಲೋಟದಲ್ಲಿ ಟೀ ಕುಡಿಯೋಕೆ ಬರಲ್ಲ ಕಣೇ, ತುಟಿ ಸುಟ್ಕೊಂಡು ಇಡೀ ದಿನ ಎಲ್ರ ಮೇಲೂ ರೇಗ್ತಾನೆ, ಸ್ವಲ್ಪ ನೋಡ್ಕೊಳ್ಳಿ' ಅಂದ್ಳು. ನೀವು ಮನೆಮನೆಗೆ ಹೊರಟ್ರಿ. ಸೆಟ್ಟು ನಿಮಗಿಂತ ಮುಂಚೆ ಹೊರಡ್ತು. ಓಡೋಡಿ ನೊಝುಕೊ ಕಾಲು ಉಳುಕಿದೆ!"

 ಅಲ್ಲೇ ಹಿಟ್ಟಿನ ಚೀಲದ ಮೇಲೆ ಕೂತೆ. ಬಂದ ವಿಷಯ ಹೇಳಿದೆ. ಅಂಕ, ಹದಿನಾಲ್ಕನೇ ಪ್ರಶ್ನೆ, ಮೂವತ್ತನೇ ತಾರೀಖು.

ಉಜ್ಜುವ ಸದ್ದು ನಿಂತಿತು.

"ಅಂದ್ರೆ… ನನ್ನ ಅಡುಗೆಮನೇನ ನಾನೇ ಮುಚ್ಚಿಸ್ದೆ."

ಅವಳು ಬೈಯದೆ ಇರುವುದನ್ನು ನಾನು ನೋಡಿದ್ದು ಇದೇ ಮೊದಲು. ಭಯವಾಯಿತು. ಮನೆಗೆ ಬಂದೆ.

ಜೂನ್ 20, ಗುರುವಾರ

ಬೆಳಿಗ್ಗೆ ನೋಡಿದರೆ ಸಕ್ಕರೆ ಡಬ್ಬಿ ಖಾಲಿ. ಲೋಟ ಹಿಡಿದು ಫಿಕಿಲೆಯ ಹಿಂಬಾಗಿಲಿಗೆ ಹೋದೆ.

"ಒಂದು ಚಮಚ ಸಕ್ಕರೆ ಇದ್ರೆ ಕೊಡೋ."

"ಸಕ್ಕರೇನಾ? ಆ ಪದಾನೇ ಮಕ್ಕಳ ಮುಂದೆ ಆಡ್ಬೇಡ ಮಾರಾಯ. ಹದಿನೈದು ದಿನ ಆಯ್ತು. ನಿನ್ನೆ ರಾತ್ರಿ ಬರೀ ಉಪ್ಪುಗಂಜಿ, ಅದೂ ಚಿಕ್ಕವೆರಡಕ್ಕೆ. ದೊಡ್ಡವು ನೀರು ಕುಡಿದು ಮಲಗಿದ್ವು. ಬೆಳಿಗ್ಗೆ ಗ್ಯಾರೇಜಿದೆಯಲ್ಲ ಅಂತ ಸುಮ್ಮನಿದ್ದೆ."

"ಮತ್ತೆ ಅವತ್ತು ಕೋಳಿ?"

"ಅವತ್ತು ನೀನು ನೆಂಟ. ಇವತ್ತು ನೀನು ಪಕ್ಕದ್ಮನೆಯವನು."

ಖಾಲಿ ಲೋಟ ಹಿಡಿದುಕೊಂಡು ಅಂಗಳದಲ್ಲೇ ನಿಂತೆ. ಬಹಳ ಹೊತ್ತು. ಫಿಕಿಲೆ, ಇವನಿಗೆ ಲಕ್ವ ಹೊಡೆಯಿತೆಂದುಕೊಂಡ.

ಮುಂಬಾಗಿಲಿನಿಂದ ಬಂದವನಿಗೆ ಎಲ್ಲರೂ ಚೀಟಿ ತೋರಿಸುತ್ತಾರೆ. ಹಿಂಬಾಗಿಲಿಗೆ ಎರವಲು ಕೇಳಿ ಬಂದವನಿಗೆ ಪೆಟ್ಟಿಗೆ ತೆರೆದು ತೋರಿಸುತ್ತಾರೆ!

ಹಳೆಯ ನೋಟ್‌ಬುಕ್ಕು ಹುಡುಕಿದೆ. ಲೋಟ ತೊಳೆದೆ.

ಜೂನ್ 22, ಶನಿವಾರ

ಎರಡು ದಿನ, ನಲವತ್ತು ಹಿಂಬಾಗಿಲು. ಯಾರೂ ಕೂರಿಸಲಿಲ್ಲ, ಯಾರೂ ಕೋಳಿ ಕೊಡಲಿಲ್ಲ. ಹೊಟ್ಟೆಗೆ ಸುಖ, ಎದೆಗೆ ಕಷ್ಟ.

ನೊಝುಕೊ ಡಬ್ಬಿ ಬೋರಲು ಹಾಕಿ ತೋರಿಸಿದಳು: "ನೋಡಿ ಜೊಲಾ, ಇರುವೇನೂ ಮನೆ ಖಾಲಿ ಮಾಡ್ಕೊಂಡು ಹೋಗಿದೆ." ಹೆಟ್ಟಿ ಸ್ಟ್ರೈಡಮ್ ಹಿಂಬಾಗಿಲಿಗೆ ಬಂದು ನನ್ನ ಲೋಟ ನೋಡಿದಳು, ನನ್ನ ಮುಖ ನೋಡಿದಳು. "ನಿಮ್ಮನೇಲೂ ಇಲ್ವಾ?" ಎಂದಳು. ಆಮೇಲೆ ನಿಂತಲ್ಲೇ ಎಲ್ಲ ಹೇಳಿದಳು, ಈರುಳ್ಳಿ ಸಮೇತ. ಮಿಶ್ರಜಾತಿಯವರ ಬೀದಿಯ ಮುದುಕಿ ಕತ್ರೀನಾ ಮಾತ್ರ ಅರ್ಧ ಚಮಚ ಕೊಟ್ಟಳು, ಇದ್ದದ್ದು ಒಂದು ಚಮಚ. ಬೇಡ ಅಂದರೆ ಬೈದಳು.

ಎಲ್ಲ ಬರೆದೆ. ಯಾವ ಮನೆಯಲ್ಲಿ ಯಾರು, ಎಷ್ಟು ದಿನ, ಏನು ತಿಂದರು.

ಇಷ್ಟು ಹೊತ್ತಿಗೆ ಊರಲ್ಲಿ ಸುದ್ದಿ ಹಬ್ಬಿದೆ: ಜೊಲಾ ಉಪವಾಸ ಬಿದ್ದಿದ್ದಾನೆ, ಲೋಟ ಹಿಡಿದು ಬೀದಿಗೆ ಬಿದ್ದಿದ್ದಾನೆ. ಸಂಜೆ ಬಾಗಿಲು ತೆರೆದರೆ ಹೊಸ್ತಿಲ ಮೇಲೆ ಕಾಗದದ ಪೊಟ್ಟಣಗಳು. ಸಕ್ಕರೆ. ಹದಿನೇಳು ಪೊಟ್ಟಣ. ಒಂದರಲ್ಲಿ ಮೂರು ಚಿಟಿಕೆ. ಎಲ್ಲಿಂದ ತಂದರೋ, ಯಾರ ಡಬ್ಬಿ ಕೆರೆದರೋ. ಒಂದು ಪೊಟ್ಟಣಕ್ಕೆ ಸುತ್ತಿದ ಕಾಗದ ಚರ್ಚಿನದು, ಬಿಳಿಯರ ಚರ್ಚಿನದು.

ಮಾರಾಡೆಬೆ ಬಂದು ಬಾಗಿಲಲ್ಲೇ ಶುರು ಮಾಡಿದಳು. "ಮಾನ ಇದೆಯೇನ್ರೀ ನಿಮಗೆ? ನಾಳೆ ಸಂಘದಲ್ಲಿ ನಿಮ್ಮ ವಿಷಯಕ್ಕೇ ಮೀಟಿಂಗು. ಸಾಯೋಕ್ಮುಂಚೆ ಸಂಘ ಸಹಾಯ ಮಾಡ್ಬಹುದಾ ಅಂತ ಚರ್ಚೆ!"

ನೋಟ್‌ಬುಕ್ಕು ಕೊಟ್ಟೆ. ನಿಂತೇ ಓದಿದಳು. ನಾಲ್ಕನೇ ಹಾಳೆಗೆ ಕೂತಳು.

ಜೂನ್ 24, ಸೋಮವಾರ

ಮಿಸ್ ಅರೆಂಡ್ಸೆ ನೋಟ್‌ಬುಕ್ಕು ಎರಡು ಸಲ ಓದಿದಳು. ಒಂದು ಟೊಪ್ಪಿ ತೆಗೆದಳು.

"ನಾವು ಪಟ್ಟಣದಲ್ಲಿ ಕೂತು ಫಾರಮ್ಮು ಮಾಡಿದ್ವಿ. ಮುಂಬಾಗಿಲಿಗೆ ಮಾಡಿದ್ವಿ. ತಪ್ಪು ನಮ್ಮದು. ಆದ್ರೆ ಜೊಲಾ ಅವರೇ, ಇದು ಎಣಿಕೆ ಅಂತ ಇವರಿಗೆ ಗೊತ್ತಿತ್ತಾ?"

"ಸಕ್ಕರೆ ಅಂತ ಗೊತ್ತಿತ್ತು."

"ಹಾಗಾದ್ರೆ ಇದನ್ನ ನಾನು ಮುಟ್ಟೋ ಹಾಗಿಲ್ಲ. ಅವರೇ ಒಪ್ಪಿ ರುಜು ಹಾಕ್ಬೇಕು. ಗುರುವಾರ ಮೇಲಿನವರ ಸಭೆ."

ಅಂದರೆ ಊರ ಮುಂದೆ ನಿಂತು ಹೇಳಬೇಕು. ನಿಮ್ಮ ಮನೆಗೆ ಬಂದ ಭಿಕ್ಷುಕ ಸುಳ್ಳು ಭಿಕ್ಷುಕ, ನಿಮ್ಮ ಖಾಲಿ ಡಬ್ಬಿ ನನ್ನ ಪುಸ್ತಕದಲ್ಲಿದೆ.

ಬುಧವಾರ ಎಲ್ಲರನ್ನೂ ಕರೆಸು ಎಂದು ಮಾರಾಡೆಬೆಗೆ ಹೇಳಿ ಬಂದೆ.

ಜೂನ್ 26, ಬುಧವಾರ

ಬೆಳಿಗ್ಗೆ ಗ್ಯಾರೇಜು. ಅಮ್ಮಂದಿರು, ಅಜ್ಜಿಯರು, ಎಲ್ಲರನ್ನೂ ಮಾರಾಡೆಬೆ ಕರೆಸಿದ್ದಳು. ಹದಿನೇಳು ಪೊಟ್ಟಣದ ಸಕ್ಕರೆಯನ್ನು ನನ್ನ ಕೈಯಲ್ಲೇ ಗಂಜಿಗೆ ಸುರಿಸಿದಳು. ಆಮೇಲೆ ಸೌಟಿನಿಂದ ಪಾತ್ರೆಗೆ ಬಡಿದಳು. "ಜೊಲಾ ಏನೋ ಹೇಳ್ಬೇಕಂತೆ."

ಹೇಳಿದೆ. ಮೊದಲು ಇಂಗ್ಲಿಷಿನಲ್ಲಿ ಶುರು ಮಾಡಿದೆ, ಹೆದರಿಕೆಗೆ. "ಮನುಷ್ಯರ ಭಾಷೇಲಿ!" ಎಂದ ಫಿಕಿಲೆ. ಮನುಷ್ಯರ ಭಾಷೆಯಲ್ಲಿ ಹೇಳಿದೆ.

 ಗಂಜಿ ಕುದಿಯುವ ಸದ್ದು. ನೊಝುಕೊ ನೆಲ ನೋಡುತ್ತಿದ್ದಳು. ಯಾರೋ ಹಿಂದಿನಿಂದ, "ನಮ್ಮ ಡಬ್ಬಿ ಒಳಗೂ ಕಣ್ಣು ಹಾಕಿದ್ನಾ ಇವ್ನು," ಎಂದರು.

ಆಗ ಬಾಗಿಲಲ್ಲಿ ಹೆಟ್ಟಿ ಸ್ಟ್ರೈಡಮ್. ಟೊಪ್ಪಿ ಇಲ್ಲ. ಎರಡು ಮಕ್ಕಳನ್ನು ಎರಡು ಕೈಯಲ್ಲಿ ಹಿಡಿದಿದ್ದಳು. ಅವಕ್ಕೂ ಟೊಪ್ಪಿ ಇಲ್ಲ. ಈ ಸೇತುವೆ ಕಟ್ಟಿ ಐವತ್ತು ವರ್ಷವಾಗಿರಬೇಕು, ಅವಳು ಈ ಕಡೆಗೆ ದಾಟಿದ್ದು ಇದೇ ಮೊದಲು. ನೇರ ಮೇಜಿನ ಹತ್ತಿರ ಬಂದಳು.

"ಎಲ್ಲಿ ಹಾಕ್ಬೇಕು ರುಜು? ನನ್ನ ಸ್ಟ್ಯೂ ಬರೀ ನೀರು ಅಂತಾನೂ ಬರ್ಕೊಳ್ಳಿ."

ಹಾಕಿದಳು. ಪೆನ್ನು ಕೆಳಗಿಟ್ಟು ಯಾರನ್ನೂ ನೋಡದೆ ನಿಂತಳು. ಮಾರಾಡೆಬೆ ಮೂರು ಬಟ್ಟಲು ಗಂಜಿ ಬಡಿಸಿ ಅವಳ ಮುಂದೆ ಇಟ್ಟಳು. ಎರಡಲ್ಲ, ಮೂರು. "ಕೂತ್ಕೋ. ಒಣಬಾಯಲ್ಲಿ ಹೋಗ್ತೀಯಾ?"

ಫಿಕಿಲೆ ಎದ್ದ. "ಆ ಬಿಳಿ ಮುದುಕಿ ನನಗಿಂತ ಬಡವಳಾ? ಅದೆಂಗೆ? ಕೊಡೋ ಇಲ್ಲಿ ಪೆನ್ನು!"

ಆಮೇಲೆ ನೂಕುನುಗ್ಗಲು. ಮೂವತ್ತೆಂಟು ರುಜು. ಇಬ್ಬರು ಹಾಕಲಿಲ್ಲ, ಅದೂ ಅವರ ಹಕ್ಕು. ಗಂಜಿ ಸಿಹಿಯಾಗಿತ್ತು ಎಂದು ಮಕ್ಕಳು ಎರಡನೇ ಬಾರಿ ಬಟ್ಟಲು ಹಿಡಿದವು.

ಜೂನ್ 28, ಶುಕ್ರವಾರ

ಬೆಳಿಗ್ಗೆ ಮಿಸ್ ಅರೆಂಡ್ಸೆಯ ಮೆಸೇಜು: ತೀರ್ಮಾನ ಆಗಿದೆ, ನಾಲ್ಕಕ್ಕೆ ಬರುತ್ತೇನೆ, ನಿಮ್ಮ ಮನೆಗೇ. ಏನು ತೀರ್ಮಾನ ಎಂದಿಲ್ಲ. ನೆಲ ಗುಡಿಸಿದೆ. ಕಪಾಟು ತೆರೆದೆ. ಎರಡು ಎನಾಮಲ್ ಲೋಟ. ಒಂದರ ತೂತಿಗೆ ಸೋಪು ಮೆತ್ತಿದೆ.

ಕೂತೆ. ಎದ್ದೆ. ಅಷ್ಟು ದೂರದಿಂದ ಬರುವ ಹೆಣ್ಣುಮಗಳು. ಹಿತ್ತಿಲ ಬೇಲಿಗೆ ಹೋದೆ. ಪಕ್ಕದಲ್ಲಿ ಮಾರಾಡೆಬೆ ಬಟ್ಟೆ ಒಣಹಾಕುತ್ತಿದ್ದಳು.

"ಮಾರಾಡೆಬೆ… ಸೆಟ್ಟು ಯಾರ ಮನೇಲಿದೆ?"

ಬಾಯಲ್ಲಿದ್ದ ಕ್ಲಿಪ್ಪು ಕೆಳಗೆ ಬಿತ್ತು. "ಯಾಕೆ ಜೊಲಾ? ಕಂಡದ್ದು ಕಂಡ ಹಾಗೆ ಏನಾಯ್ತು? ಲೋಟ ಎಲ್ಲಿ ಹೋಯ್ತು, ನಲವತ್ತು ಮನೆ ನೋಡಿದ ಲೋಟ?"

"ಅತಿಥಿ ಬರ್ತಿದಾರೆ."

"ಓಹೋ! ಅತಿಥಿ!" ನಕ್ಕು ನಕ್ಕು ಒದ್ದೆ ಹೊದಿಕೆಗೇ ಒರಗಿದಳು.

ಮೂರೂವರೆಗೆ ಬೇಸಿನ್ನು ಬಂತು. ಜೊತೆಗೆ ಕೋಳಿಯ ಒಂದು ತೊಡೆ, ಯಾರದೋ. ನಾನು ಒಂದು ಈರುಳ್ಳಿ ಹುರಿದೆ. ಹೆಟ್ಟಿ ಸ್ಟ್ರೈಡಮ್ಮಳ ಪದ್ಧತಿ.

ಅವಳು ಬಂದಳು, ಕೂತಳು, ಮೂಗೆಳೆದಳು. "ಆಹಾ, ಏನು ವಾಸನೆ!" ಆಮೇಲೆ ಹೇಳಿದಳು. ಗ್ಯಾರೇಜು ಮುಂದುವರಿಯುತ್ತದೆ. ಸೇತುವೆಯ ಆ ಬದಿಗೆ ಇನ್ನೊಂದು ಒಲೆ, ಚಳಿಯಲ್ಲಿ ಮಕ್ಕಳು ಅದರ ಮೆಟ್ಟಿಲು ಹತ್ತುವುದು ಬೇಡ. ಸೌಟು ಹೆಟ್ಟಿಯದು, ಕಲಿಸುವವಳು ಮಾರಾಡೆಬೆ. ಫಾರಮ್ಮಿನಿಂದ ಹದಿನಾಲ್ಕನೇ ಪ್ರಶ್ನೆ ತೆಗೆಯುತ್ತಾರೆ.  ಟೀ ಸೋಸಿದೆ. ಅವಳು ಕಪ್ಪು ತಿರುಗಿಸಿ ನೋಡಿದಳು.

"ಚೆನ್ನಾಗಿದೆ. ನಿಮ್ಮದಾ?"

ಮೂವತ್ತೊಂದು ವರ್ಷದ ಗುಮಾಸ್ತಿಕೆ ನಾಲಿಗೆಯ ತುದಿಗೆ ಬಂತು. ನನ್ನದು ಎನ್ನುವುದು ನಿಜ.

"ಎರವಲು," ಎಂದೆ.

ನಕ್ಕಳು. ತೊಡೆ ಪೂರ್ತಿ ತಿಂದಳು, ಬೇರೆ ದಾರಿಯೇ ಇರಲಿಲ್ಲ ಪಾಪ.

ಹೋದಳು. ಕಪ್ಪು ತೊಳೆದೆ, ಒರೆಸಿದೆ, ಬೇಸಿನ್ನಿನಲ್ಲಿಟ್ಟೆ. ನಾಳೆ ಕತ್ರೀನಾಳ ಮನೆಗೆ ಪಾದ್ರಿ ಬರುತ್ತಾನಂತೆ, ಸೆಟ್ಟು ಈಗಲೇ ಹೊರಡಬೇಕು. ಐದು ಬೇಸಿನ್ನಿನಲ್ಲಿವೆ, ಬೇಸಿನ್ನು ಬೇಲಿಯ ಪಕ್ಕದಲ್ಲಿದೆ. ಆರನೆಯದು, ತಂತಿಯದು, ಇಲ್ಲಿ ಕಿಟಕಿಯ ಹತ್ತಿರ ನನ್ನ ಪುಸ್ತಕದ ಪಕ್ಕ. ತಳದಲ್ಲಿ ಇನ್ನೂ ಒಂದು ಗುಟುಕಿದೆ. ತುಟಿ ಸುಡಲಿಲ್ಲ, ಮಾಡ್ಲೊಮೊ. ಯಾರ ಮೇಲೂ ರೇಗಲಿಲ್ಲ. ಒಂದನ್ನು ಇಟ್ಟುಕೊಂಡರೆ ಊರಿಗೇನು ನಷ್ಟ ಎಂದು ಯೋಚಿಸುತ್ತ…

ಬೇಲಿಯಾಚೆಯಿಂದ ಮಾರಾಡೆಬೆ. "ಜೊಲಾ! ಬೇಸಿನ್ನಲ್ಲಿ ಐದೇ ಇದೆ! ಎಣಿಸೋಕೆ ಬರುತ್ತೆ ನನಗೂ!"

ಬಂದೆ ಎಂದೆ. ತಂತಿ ಇಷ್ಟು ಹೊತ್ತು ಹೊಳೆಯುತ್ತಿತ್ತು, ಈಗ ಹೊಳೆಯುತ್ತಿಲ್ಲ. ಬೆಳಕು ಹೋಗುತ್ತಿದೆ, ಗೆರೆ ಕಾಣುತ್ತಿಲ್ಲ, ಈ ಒಂದು ಗುಟುಕು ಮುಗಿಸಿ, ಕೊಟ್ಟು…